ಅತ್ತರ್ ಅಂಗಡಿಯ ಒಳಗಿನ ಸ್ಟೂಲು

ಚಾಚಾನ ಎಡ ಮುಂಗೈಯಲ್ಲಿ ಒಂದು ಕೂದಲೂ ಇರಲಿಲ್ಲ. ದಿನಾ ಬೆಳಿಗ್ಗೆ ಗಡ್ಡ ಬಿಟ್ಟು ಕೈ ಬೋಳಿಸಿಕೊಳ್ಳುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ನೀಲಿ ಬಾಲ್‌ಪೆನ್ನಿನಲ್ಲಿ ಒಂದು, ಎರಡು, ಮೂರು ಎಂದು ಬರೆದುಕೊಂಡು, ಒಂದೊಂದು ಅಂಕಿಯ ಪಕ್ಕ ಒಂದೊಂದು ಶೀಸೆಯ ಹನಿ ಹಚ್ಚಿ, ಸಂಜೆವರೆಗೆ ಆಗಾಗ ಮೂಸುತ್ತ ಕೂರುತ್ತಿದ್ದರು. ಕೂದಲಿದ್ದರೆ ಎಣ್ಣೆ ಅದಕ್ಕೇ ಅಂಟಿ ನಿಲ್ಲುತ್ತದೆ, ಚರ್ಮಕ್ಕೆ ಇಳಿಯುವುದಿಲ್ಲ ಎನ್ನುವುದು ಅವರ ವಾದ.

ಶಿರಸಿಯ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಹಡಿ ಮೆಟ್ಟಿಲ ಕೆಳಗಿತ್ತು ಅವರ ಅತ್ತರ್ ಅಂಗಡಿ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಜಾಗ. ಬಿ.ಕಾಂ. ಮುಗಿಸಿ ಸಿದ್ದಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ನಾನು ಅಲ್ಲಿ ಕೆಲಸ ಮಾಡುತ್ತಿದ್ದೆ. ನನ್ನ ಸ್ಟೂಲು ಒಳಗೆ, ಅವರದು ಬಾಗಿಲಿಗೆ. ನಾನು ಹೊರಗೆ ಹೋಗಬೇಕಾದರೆ ಅವರು ಎದ್ದು ಫುಟ್‌ಪಾತಿಗೆ ಇಳಿಯಬೇಕಿತ್ತು. ಮೊದಲ ವರ್ಷ ಅದು ನನಗೆ ತಮಾಷೆಯಾಗಿ ಕಾಣುತ್ತಿತ್ತು.

ಟಿವಿಯಲ್ಲಿ ಬರುವ ಸೆಂಟುಗಳನ್ನು ಚಾಚಾ ಇಡುತ್ತಿರಲಿಲ್ಲ. ಅವರ ಹುಡುಕಾಟವೆಲ್ಲ ಯಾರಿಗೂ ಗೊತ್ತಿಲ್ಲದ ಸಣ್ಣ ತಯಾರಕರದು. ಕನೌಜಿನ ಯಾವುದೋ ಗಲ್ಲಿಯಲ್ಲಿ ಮಳೆಗೆ ನೆಂದ ಮಣ್ಣಿನ ವಾಸನೆಯ ಅತ್ತರ್ ಭಟ್ಟಿ ಇಳಿಸುವ ಅಣ್ಣತಮ್ಮಂದಿರು, ಪುದುಚೇರಿಯಲ್ಲಿ ಲಾವಂಚಕ್ಕೆ ಸಮುದ್ರದ ಉಪ್ಪುಗಾಳಿಯ ವಾಸನೆ ಬೆರೆಸುವ ಗಂಡಹೆಂಡತಿ, ಕೆಲಸದಿಂದ ನಿವೃತ್ತರಾದ ಮೇಲೆ ಮನೆಯಲ್ಲೇ ಏಲಕ್ಕಿಯ ಪರ್ಫ್ಯೂಮ್ ಮಾಡುತ್ತಿದ್ದ ಕೇರಳದ ರಸಾಯನಶಾಸ್ತ್ರದ ಮೇಷ್ಟ್ರು. ಮೈಸೂರಿನ ಹೊರವಲಯದಲ್ಲಿ ಶೆಡ್ಡು ಹಾಕಿಕೊಂಡು ಕಾಫಿ ಹೂವಿನ ಪರಿಮಳ ಹಿಡಿಯಲು ಒದ್ದಾಡುತ್ತಿದ್ದ ಒಬ್ಬರು ಮೇಡಂ. ಚಾಚಾ ತಮ್ಮ ಮಗಳ ಫೋನಿನಲ್ಲಿ ಇವರನ್ನೆಲ್ಲ ಹುಡುಕಿ ತೆಗೆದು, ಕಾಗದ ಬರೆದು, ಬೆರಳುದ್ದದ ಶೀಸೆಗಳಲ್ಲಿ ನಮೂನೆ ತರಿಸುತ್ತಿದ್ದರು. ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿಯೇ ಗಿರಾಕಿಗಳಿಗೆ ಕೊಡುವುದು.

"ಮೂರು ದಿನ ಹಾಕ್ಕೊಂಡು ನೋಡಿ," ಎನ್ನುತ್ತಿದ್ದರು. "ಮೊದಲನೇ ದಿನ ಅದು ಅಂಗಡಿದು. ಎರಡನೇ ದಿನ ಶೀಸೆದು. ಮೂರನೇ ದಿನಕ್ಕೆ ನಿಮ್ದು ಹೌದೋ ಅಲ್ಲವೋ ಅಂತ ಗೊತ್ತಾಗ್ತದೆ."

ಯಲ್ಲಾಪುರದ ಬಸ್ಸಿನ ಕಂಡಕ್ಟರ್ ಒಬ್ಬರು, ಹಾವೇರಿ ಕಡೆಯವರು, ಹೀಗೆ ಮೂರು ದಿನದ ಪರೀಕ್ಷೆಗೆ ಬಂದವರು ಕಾಯಂ ಗಿರಾಕಿಯಾಗಿಬಿಟ್ಟರು. ವಜ್ರಳ್ಳಿಯಿಂದ, ಗುಡ್ನಾಪುರದಿಂದ, ಮದುವೆಗೆಂದೋ ಹಬ್ಬಕ್ಕೆಂದೋ ಬರುವವರಿದ್ದರು.

ನನಗೂ ಪಾಠ ನಡೆಯುತ್ತಿತ್ತು. ಮೂಸಿ "ಚೆನ್ನಾಗಿದೆ" ಎಂದರೆ ಅವರಿಗೆ ಆಗುತ್ತಿರಲಿಲ್ಲ.

"ಚೆನ್ನಾಗಿದೆ ಅಂದ್ರೆ ನೀನು ಎಂಥದೂ ಹೇಳಲಿಲ್ಲ ಬೇಟಿ. ಇದನ್ನ ಮೊದಲು ಎಲ್ಲಿ ಮೂಸಿದ್ದಿ? ಅದು ಹೇಳು."

ಒದ್ದೆ ಸ್ಲೇಟು, ಶಾಲೆಯ ಹಳೇ ಬೀರು, ಅಜ್ಜಿಯ ಸೀರೆ ಪೆಟ್ಟಿಗೆ ಎಂದು ತಡಕಾಡಿ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಮುಂದಿನ ಶೀಸೆ ತೆಗೆಯುತ್ತಿದ್ದರು.

ಆಮೇಲೆ ಕೋವಿಡ್ಡಿನ ಎರಡನೇ ಅಲೆ ಬಂತು. ಚಾಚಾ ಇಪ್ಪತ್ತು ದಿನ ಮಲಗಿ ಎದ್ದರು. ಅಂಗಡಿ ತೆರೆದ ದಿನ ಮುಂಗೈಗೆ ಹನಿ ಹಚ್ಚಿಕೊಂಡು ಬಹಳ ಹೊತ್ತು ಮೂಸಿದರು. ಮತ್ತೆ ಹಚ್ಚಿಕೊಂಡರು. "ಇದು ಯಾವುದು ಹೇಳು," ಎಂದರು. ನನ್ನನ್ನು ಪರೀಕ್ಷಿಸುತ್ತಿದ್ದಾರೆ ಅಂದುಕೊಂಡು ಹೇಳಿದೆ. ವಾರವಿಡೀ ಅದೇ ನಡೆಯಿತು.

ಒಂದು ಮಧ್ಯಾಹ್ನ ಅಂಗಡಿಯ ಹಿಂದಿನ ಗಟಾರ ಕಟ್ಟಿಕೊಂಡು, ಮೇಲಿನ ಬಟ್ಟೆ ಅಂಗಡಿಯವರೂ ಬಾಗಿಲು ಹಾಕುವಷ್ಟು ನಾತ ಎದ್ದಿತು. ನಾನು ವೇಲಿನಿಂದ ಮೂಗು ಮುಚ್ಚಿಕೊಂಡೆ. ಚಾಚಾ ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದರು. ಫುಟ್‌ಪಾತಿನಲ್ಲಿ ಹೋಗುವವರೆಲ್ಲ ಸೆರಗು, ಕರ್ಚೀಫು ಹಿಡಿದುಕೊಂಡಿರುವುದನ್ನು ನೋಡಿ ನನ್ನ ಕಡೆ ತಿರುಗಿದರು. ನನ್ನ ಮುಖದ ವೇಲನ್ನು ಕಂಡ ಕೂಡಲೇ ಲೋಟವನ್ನು ಕೆಳಗಿಟ್ಟರು.

"ಅಷ್ಟು ನಾತ ಬರ್ತಾ ಉಂಟಾ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

"ವಾಸನೆ ತಿರುಗಿ ಬರ್ಬಹುದು ಅಂತ ಡಾಕ್ಟರು ಅಂದಿದ್ದಾರೆ. ಅಲ್ಲಿವರೆಗೆ ಯಾರಿಗೂ ಹೇಳಬೇಡ ಬೇಟಿ. ಮೂಗಿಲ್ಲದ ಅತ್ತರಿನವನ ಹತ್ತಿರ ಯಾರು ಬರ್ತಾರೆ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಎರಡೋ ಮೂರೋ ತಿಂಗಳಿನ ವಿಷಯ ಎಂದುಕೊಂಡಿದ್ದೆ. ಮೂರು ವರ್ಷವಾಯಿತು.

ಗಿರಾಕಿ ಬಂದರೆ ಅವರು ಮೊದಲಿನಂತೆಯೇ ಕಣ್ಣು ಮುಚ್ಚಿ ಮೂಸುತ್ತಿದ್ದರು, ಆಮೇಲೆ "ನೀನು ಏನಂತೀ?" ಎಂದು ಶೀಸೆಯನ್ನು ನನ್ನತ್ತ ಹಿಡಿಯುತ್ತಿದ್ದರು. ನಾನು ಹೇಳಿದ್ದಕ್ಕೆ ಎರಡು ಮಾತು ಸೇರಿಸಿ ಗಿರಾಕಿಗೆ ಒಪ್ಪಿಸುತ್ತಿದ್ದರು. ತಯಾರಕರಿಗೆ ಅಭಿಪ್ರಾಯದ ಕಾಗದಗಳನ್ನು ನಾನೇ ಬರೆಯುತ್ತಿದ್ದೆ, ಅವರು ಸಹಿ ಹಾಕುತ್ತಿದ್ದರು. ನಾನು ರಜೆ ಹಾಕಿದ ದಿನ ಶಟರಿನ ಬೀಗ ಕೆಟ್ಟಿದೆ ಎಂದು ಹೇಳಿ ಅಂಗಡಿ ತೆರೆಯುತ್ತಿರಲಿಲ್ಲ. ಹೀಗಾಗಿ ರಜೆ ಕೇಳುವುದನ್ನೇ ಬಿಟ್ಟೆ.

ನನ್ನ ಮೂಗನ್ನು ಅವರು ಕಾಯ್ದ ರೀತಿಯನ್ನು ಹೇಳಲೇಬೇಕು. ಐಸ್‌ಕ್ರೀಂ ಕೂಡದು. ಮಧ್ಯಾಹ್ನದ ಡಬ್ಬಿಯಲ್ಲಿ ಹಸಿ ಈರುಳ್ಳಿ ಕೂಡದು. ಮಳೆ ಬಂದರೆ ಕೊಡೆ ಹಿಡಿದು ಬಸ್ಸಿನ ಬಾಗಿಲವರೆಗೆ ಬರುತ್ತಿದ್ದರು. ಒಂದು ಸೀನು ಸೀನಿದರೆ ಅವರ ಮನೆಯಿಂದ ಶುಂಠಿ ಕಷಾಯ ಬರುತ್ತಿತ್ತು. ಚಳಿಗಾಲಕ್ಕೆ ಉಣ್ಣೆಯ ಮಫ್ಲರ್ ತಂದುಕೊಟ್ಟರು. ನಮ್ಮ ಮನೆಯಲ್ಲೂ ನನ್ನನ್ನು ಯಾರೂ ಹಾಗೆ ನೋಡಿಕೊಂಡಿರಲಿಲ್ಲ. ಆದರೆ ಆ ಮಫ್ಲರ್ ಸುತ್ತಿಕೊಂಡು ಒಳಗಿನ ಸ್ಟೂಲಿನಲ್ಲಿ ಕೂತಾಗ ಎದ್ದು ಹೊರಗೆ ಹೋಗಬೇಕು ಅನ್ನಿಸುತ್ತಿತ್ತು. ಅವರ ಬೆನ್ನು ಬಾಗಿಲನ್ನು ಪೂರ್ತಿ ತುಂಬಿರುತ್ತಿತ್ತು. ಅದರ ಅಂಚಿನಲ್ಲಿ ರಸ್ತೆಯ ಒಂದು ಸೀಳು ಮಾತ್ರ ಕಾಣುತ್ತಿತ್ತು.

"ಕೂಸೆ, ಇನ್ನೆಷ್ಟು ದಿನ ಅಲ್ಲೇ ಕೂರ್ತೆ? ಬೇರೆ ಕೆಲ್ಸ ಎಂತಕ್ಕೆ ನೋಡ್ತಿಲ್ಲೆ?" ಎಂದು ಮನೆಯಲ್ಲಿ ಅಮ್ಮ ಕೇಳುತ್ತಿದ್ದಳು.

"ಬಿಟ್ಟಿಕ್ಕಿ ಬಪ್ಪಲೆ ಆಗ್ತಿಲ್ಲೆ ಆಯಿ," ಎನ್ನುತ್ತಿದ್ದೆ. ಯಾಕೆ ಎಂದು ಕೇಳಿದರೆ ಡಬ್ಬಿ ತೊಳೆಯಲು ಎದ್ದು ಹೋಗುತ್ತಿದ್ದೆ. ಮಾತು ಕೊಟ್ಟಿದ್ದೆನಲ್ಲ.

ಒಂದು ಬೆಳಿಗ್ಗೆ ಅಂಗಡಿಯೆದುರು ಮಧ್ಯವಯಸ್ಸಿನ ಹೆಂಗಸೊಬ್ಬರು ಬಂದು ನಿಂತರು. ಕಾಫಿ ಹೂವಿನ ಮೈಸೂರು ಮೇಡಂ. ಕಂಡಕ್ಟರೂ ಅಲ್ಲೇ ಶೀಸೆ ನೋಡುತ್ತ ನಿಂತಿದ್ದರು. ಚಾಚಾ ಸಂಭ್ರಮದಿಂದ ಚಹಾ ತರಿಸಿದರು. ಮೇಡಂ ಚಹಾ ಕುಡಿದು ಲೋಟ ಇಟ್ಟು, "ನನ್ನ ಕಾಗದ ನಿಮಗೆ ತಲುಪಲಿಲ್ಲವಾ?" ಎಂದು ಕೇಳಿದರು.

ಚಾಚಾ ಸ್ಟೂಲಿನ ಮೇಲಿನ ದಿಂಬನ್ನು ಸರಿಪಡಿಸಿಕೊಂಡು ಕೂತರು.

"ಮೊದಲು ನೀವು ಬರೆಯುತ್ತಿದ್ದುದು ಬೇರೆ ಥರ. ಎಷ್ಟು ಹೊತ್ತು ನಿಲ್ಲುತ್ತದೆ, ಭಾರ ಎಷ್ಟು, ಅಷ್ಟೇ. ಮೂರು ವರ್ಷದಿಂದ ಒದ್ದೆ ಸ್ಲೇಟು, ಶಾಲೆಯ ಬೀರು ಅಂತೆಲ್ಲ ಬರುತ್ತಿದೆ. ಅದು ನಿಮ್ಮ ಬರವಣಿಗೆಯಲ್ಲ. ಯಾರದು ಅಂತ ಕೇಳಿ ಬರೆದಿದ್ದೆ. ಅವರಿಗೆ ನಮ್ಮಲ್ಲಿ ಕೆಲಸ ಕೊಡುತ್ತೇನೆ ಅಂತಲೂ ಬರೆದಿದ್ದೆ. ಆರು ತಿಂಗಳು ಕಾದೆ."

ನನಗೆ ಆ ಕಾಗದದ ವಿಷಯವೇ ಗೊತ್ತಿರಲಿಲ್ಲ. ಚಾಚಾ ಸ್ಟೂಲಿನಿಂದ ಎದ್ದರು. ತಾವು ಕೂತಿದ್ದ ದಿಂಬಿನ ಕವರಿನೊಳಗೆ ಕೈ ಹಾಕಿ, ಮಡಚಿ ಮಡಚಿ ಮೆತ್ತಗಾಗಿದ್ದ ಲಕೋಟೆಯನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ಸಿಕ್ಕಿದೆ ಮೇಡಂ. ಇವಳಿಗೆ ಕೊಡಲಿಲ್ಲ ನಾನು," ಎಂದರು. "ನನಗೆ ಮೂರು ವರ್ಷದಿಂದ ವಾಸನೆ ಬರೂದಿಲ್ಲ. ಈ ಅಂಗಡಿ ನಡೆದದ್ದು ಇವಳ ಮೂಗಿಂದ."

ಕಂಡಕ್ಟರ್ ಕೈಯಲ್ಲಿದ್ದ ಶೀಸೆಯನ್ನು ಮೆಲ್ಲಗೆ ಕೆಳಗಿಟ್ಟರು. "ಮೊದಲ ಹೇಳಬಾರದೇನ್ರೀ ಸಾಹೇಬ್ರ," ಎಂದರು.

ಚಾಚಾ ಫುಟ್‌ಪಾತಿಗೆ ಇಳಿದು ಪಕ್ಕಕ್ಕೆ ಸರಿದು ನಿಂತರು. "ಹೊರಗೆ ಬಾ ಬೇಟಿ. ಅವರ ಹತ್ತಿರ ಮಾತಾಡು."

ನಾನು ಹೊರಗೆ ಬಂದೆ. ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಸಿದ್ದಾಪುರದ ಬಸ್ ಹತ್ತಿದೆ. ಆರು ತಿಂಗಳು ಅವರು ಆ ಕಾಗದದ ಮೇಲೆ ಕೂತು, ದಿನಾ ನನಗೆ "ಊಟ ಆಯ್ತಾ" ಎಂದು ಕೇಳಿದ್ದರು. ಕಷಾಯ ಕುಡಿಸಿದ್ದರು. ಬಸ್ಸಿನಲ್ಲಿ ಅದೊಂದನ್ನೇ ಯೋಚಿಸಿದೆ.

ನಾಲ್ಕು ದಿನ ಬಿಟ್ಟು ಹೋದೆ. ನನ್ನನ್ನು ಕಂಡ ಕೂಡಲೇ ಎದ್ದು ನಿಂತರು.

"ತಪ್ಪು ಮಾಡಿದೆ. ನಾಳೆ ಕೊಡ್ತೆ, ನಾಡಿದ್ದು ಕೊಡ್ತೆ ಅಂತ ದಿನಾ ಅಂದುಕೊಂಡೆ. ನೀನು ಹೋದರೆ ನನಗೆ ಅಂಗಡಿ ತೆರೀಲಿಕ್ಕೆ ಹೆದರಿಕೆ. ಬೈದುಬಿಡು ನನಗೆ," ಎಂದರು.

ಮೈಸೂರಿಗೆ ಹೋಗುತ್ತೇನೆ ಎಂದಷ್ಟೇ ಹೇಳಿದೆ.

ಹೆದರಿದಂತೆ ಏನೂ ಆಗಲಿಲ್ಲ. ಕಂಡಕ್ಟರ್ ಊರೆಲ್ಲ ಹೇಳಿಕೊಂಡು ಬಂದರಂತೆ. ಗಿರಾಕಿಗಳು ಬರುವುದು ನಿಲ್ಲಲಿಲ್ಲ. ತಾವೇ ಮೂಸಿ ತಾವೇ ಹೇಳುತ್ತಿದ್ದರು, ಚಾಚಾ ಕೇಳಿಸಿಕೊಂಡು ಯಾವ ಶೀಸೆ ಎಂದು ನೆನಪಿನಿಂದಲೇ ಗುರುತಿಸುತ್ತಿದ್ದರು. ಫೋನಿನಲ್ಲಿ ಇದನ್ನು ಕೇಳಿದ ದಿನ ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಮೂರು ವರ್ಷ ನಾವಿಬ್ಬರೂ ಇಲ್ಲದ ಬೀಗಕ್ಕೆ ಹೆದರಿ ಒಳಗೆ ಕೂತಿದ್ದೆವು.

ಇಂದು ನಾನು ಉಣ್ಣುವ ಅನ್ನ ಆ ಒಳಗಿನ ಸ್ಟೂಲಿನಲ್ಲಿ ಕಲಿತದ್ದರಿಂದ ಬಂದದ್ದು. ಕಣ್ಣಿಲ್ಲದವರಿಗೆ ದಾರಿ ಹೇಳುವಂತೆ, ವಾಸನೆಯೇ ತಿಳಿಯದ ಒಬ್ಬರಿಗೆ ಮೂರು ವರ್ಷ ದಿನಕ್ಕೆ ಇಪ್ಪತ್ತು ಸಲ ವಾಸನೆಯನ್ನು ಬಿಡಿಸಿ ಹೇಳಿದ್ದರಿಂದಲೇ ನನ್ನ ಮೂಗು ಪಳಗಿತು. ಕಲಿಸಿದವರೂ ಅವರೇ, ಕಟ್ಟಿಹಾಕಿದವರೂ ಅವರೇ. ಎರಡನ್ನೂ ಬೇರೆ ಮಾಡಿ ನೋಡಲು ನನಗೆ ಈವರೆಗೆ ಸಾಧ್ಯವಾಗಿಲ್ಲ.

ಫೋನ್ ಮಾಡಿದಾಗಲೆಲ್ಲ ಕೊನೆಗೆ ಒಂದೇ ಪ್ರಶ್ನೆ. "ಸಿಟ್ಟು ಹೋಯ್ತಾ ಬೇಟಿ?" ನಾನು ನಕ್ಕು ಬೇರೆ ಮಾತು ತೆಗೆಯುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಒಮ್ಮೆ ಮಾತ್ರ, "ಪೂರ್ತಿ ಹೋಗಿಲ್ಲ ಚಾಚಾ," ಎಂದುಬಿಟ್ಟೆ.

"ಇರಲಿ. ಅವಸರ ಇಲ್ಲ," ಎಂದರು.

ಎರಡು ವಾರಕ್ಕೆ ಅವರ ಮಗಳ ಫೋನ್ ಬಂತು. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ನಾನು ಶಿರಸಿ ಮುಟ್ಟುವ ಹೊತ್ತಿಗೆ ದಫನ್ ಮುಗಿದಿತ್ತು. ಮನೆಗೆ ಹೋದೆ. ಚಾಚಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದುಕೊಂಡರು.

"ನನಗೆ ಅವರ ಮೇಲೆ ಸಿಟ್ಟಿಲ್ಲ ಚಾಚಿ," ಎಂದೆ.

"ಅದು ಅವರಿಗೆ ಹೇಳಬೇಕಿತ್ತು ಬೇಟಿ," ಎಂದರು ಅವರು. ಆ ಮಾತಿನಲ್ಲಿ ಆಕ್ಷೇಪಣೆ ಏನೂ ಇರಲಿಲ್ಲ. ಎದ್ದು ಒಳಗೆ ಹೋಗಿ, ನನಗೆ ಚಹಾ ತಂದು ಕೊಟ್ಟರು.