ದೊಡ್ಡಮ್ಮ ತೊಳೆದ ಗಾಜು

ನಮ್ಮ ದೊಡ್ಡಮ್ಮನಿಗೆ ಕೊಳೆ ಕಂಡರಾಗದು. ಇಪ್ಪತ್ತು ವರ್ಷ ಮ್ಯೂಸಿಯಂನಲ್ಲಿ ಹಳೇ ಗಾಜಿನ ಪಾತ್ರೆ ತೊಳೆದವರು. ಮನೆಗೆ ಹೋದವರ ಕನ್ನಡಕವನ್ನೂ ಕಿತ್ತುಕೊಂಡು ಒರೆಸಿಕೊಡುತ್ತಾರೆ. ನನ್ನದನ್ನು ಹಾಗೆ ಎರಡು ಸಲ ಮುರಿದಿದ್ದಾರೆ. ಆದರೂ ಅವರೆಂದರೆ ನನಗೆ ಬಲು ಅಕ್ಕರೆ.

ಐವತ್ತನೇ ವಯಸ್ಸಿಗೆ ಅವರು ಒಂದು ಲ್ಯಾಬ್ ಸೇರಿದರು. ಅಣು ವಿದ್ಯುತ್ ಸ್ಥಾವರದ ಅಪಾಯದ ಕಸವನ್ನು ಗಾಜಿನೊಂದಿಗೆ ಕರಗಿಸಿ, ಗಟ್ಟಿ ಮಾಡಿ, ನೆಲದಾಳದಲ್ಲಿ ಹೂಳುತ್ತಾರಂತೆ. ಆ ಗಾಜು ಸಾವಿರಾರು ವರ್ಷ ನೀರಿಗೆ ತಡೆದೀತೇ? ಕಾದು ನೋಡಲು ಯಾರಿಗೆ ಆಯಸ್ಸಿದೆ? ಅದಕ್ಕೇ ಸಾವಿರದ ಎಂಟುನೂರು ವರ್ಷ ಸಮುದ್ರದಡಿ ಬಿದ್ದಿದ್ದ ಗಾಜು ತರಿಸಿ, ನೀರು ಅದನ್ನು ಎಷ್ಟು ಆಳ ತಿಂದಿದೆಯೆಂದು ಅಳೆಯುವ ಲ್ಯಾಬ್ ಅದು. ಸಿಕ್ಕಿದ್ದು ಎರಡೇ ತುಂಡು. ಸೂಕ್ಷ್ಮದರ್ಶಕದಲ್ಲಿ ನೋಡಲು ಅವನ್ನು ಕೊಯ್ದುಕೊಡುವುದು ದೊಡ್ಡಮ್ಮನ ಕೆಲಸ.

ಹುಟ್ಟುಗುಣ ಸುಟ್ಟರೂ ಹೋಗದು. ಮೊದಲ ದಿನವೇ ಒಂದು ತುಂಡನ್ನು ಬ್ರಷ್ಷಿನಿಂದ ಉಜ್ಜಿ, ಮೇಲಿದ್ದ ಬಿಳಿ ಪೊರೆಯನ್ನೆಲ್ಲ ತೆಗೆದು, ಫಳಫಳ ಮಾಡಿ ಹೆಮ್ಮೆಯಿಂದ ಮೇಜಿನ ಮೇಲಿಟ್ಟರು. ತೊಳೆಯಬೇಡಿ ಎಂದು ಹೇಳಬೇಕೆಂದು ಅಲ್ಲಿನ ಬುದ್ಧಿವಂತರಿಗೆ ಯಾರಿಗೂ ಹೊಳೆದಿರಲಿಲ್ಲ. ಲ್ಯಾಬಿನ ಮುಖ್ಯಸ್ಥರು ಬಂದವರೇ ಕುರ್ಚಿಯಲ್ಲಿ ಕುಸಿದರು. ನೀರು ತಿಂದ ಗುರುತೇ ಆ ಪೊರೆ, ಅಳೆಯಬೇಕಿದ್ದದ್ದು ಅದನ್ನೇ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನ್ನುತ್ತಾರೆ ದೊಡ್ಡಮ್ಮ. ಕೆಲಸ ಹೋಯಿತೆಂದೇ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು.

ಆದರೆ ಹೊರಡಲಿಲ್ಲ. ತುಂಡನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕೊಳೆ ಎಲ್ಲೆಲ್ಲಿ ಅಡಗುತ್ತದೆಂದು ಅವರಷ್ಟು ಬಲ್ಲವರು ಆ ಕಟ್ಟಡದಲ್ಲೇ ಇರಲಿಲ್ಲ.

“ಸರ್, ಹೊರಗಡೆದೆಲ್ಲ ತೊಳೆದುಬಿಟ್ಟೆ, ನಿಜ. ಆದರೆ ಇಲ್ಲಿ ಕೂದಲೆಳೆಯಷ್ಟು ಬಿರುಕಿದೆ ನೋಡಿ. ನೀರು ಒಳಗೆ ಹೋಗಿರುತ್ತೆ, ನನ್ನ ಬ್ರಷ್ ಹೋಗಿಲ್ಲ. ಅಡ್ಡ ಕಟ್ ಮಾಡ್ಲಾ?”

ಮಾಡಿ ಎಂದರು. ದೊಡ್ಡಮ್ಮ ಬಿರುಕಿಗೆ ಅಡ್ಡವಾಗಿ ಕೊಯ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿರುಕಿನ ಎರಡೂ ಬದಿಗೆ ಪೊರೆ ಹಾಗೇ ಇದೆ, ಬಲು ತೆಳ್ಳಗೆ. ಅಷ್ಟು ವರ್ಷದಲ್ಲಿ ನೀರು ತಿಂದದ್ದು ಅಷ್ಟೇ. ಹೂಳುವ ಗಾಜೂ ಆರುವಾಗ ಹೀಗೇ ಬಿರಿಯುತ್ತದಂತೆ. ಹಾಗಾಗಿ ಬಿರುಕಿನೊಳಗಿನ ಲೆಕ್ಕವೇ ಹೆಚ್ಚು ಕೆಲಸಕ್ಕೆ ಬರುವಂಥದ್ದು.

ಮುಖ್ಯಸ್ಥರು ಎದ್ದುಹೋದರು. ಕಪಾಟಿನ ಬೀಗ ತೆಗೆದು, ಉಳಿದಿದ್ದ ಒಂದೇ ತುಂಡನ್ನು ತಂದು ದೊಡ್ಡಮ್ಮನ ಅಂಗೈಯಲ್ಲಿಟ್ಟರು.

“ಇದನ್ನೂ ನೀವೇ ಕಟ್ ಮಾಡಿಕೊಡಿ, ಅಮ್ಮ.”