ಮುಚ್ಚಿದ ಮಿಲ್ಲಿನ ಕೂಗು

ಗುತ್ತೂರಿನ ಕಾರ್ಖಾನೆಯೊಂದಕ್ಕೆ ಗಾಳಿ ತುಂಬಿಡುವ ಹಳೇ ಟ್ಯಾಂಕು ಬೇಕಿತ್ತು. ದಾವಣಗೆರೆಯ ಮುಚ್ಚಿದ ಬಟ್ಟೆ ಮಿಲ್ಲೊಂದರಲ್ಲಿ ಮಾರಾಟಕ್ಕಿದೆ ಅಂದರು, ಅವರ ಪರವಾಗಿ ನೋಡಲು ಹೋದೆ. ಸೋರುವ ಟ್ಯಾಂಕು ಕೊಂಡರೆ ಕಂಪ್ರೆಸರ್ ಬಿಡುವಿಲ್ಲದೆ ದಂಡಕ್ಕೆ ಓಡುತ್ತದೆ. ಅದಕ್ಕೇ ನಮ್ಮ ಡೀಸೆಲ್ ಕಂಪ್ರೆಸರ್‌ನಿಂದ ಗಾಳಿ ತುಂಬಿಸಿ, ಮಧ್ಯಾಹ್ನದವರೆಗೆ ಗೇಜಿನ ಮುಳ್ಳನ್ನೇ ನೋಡುತ್ತ ಕೂತೆ. ಮುಳ್ಳು ಕದಲಲಿಲ್ಲ.

ಇನ್ನು ಖಾಲಿ ಮಾಡಬೇಕು. ವಾಲ್ವಿಗೆ ಕೈ ಹಾಕಿದಾಗ ಖಾದರ್ ಸಾಬರು ತಡೆದರು. ಮೊದಲು ಅಲ್ಲೇ ಆಪರೇಟರ್ ಆಗಿದ್ದವರು, ಈಗ ಕಾವಲಿಗಿದ್ದರು.

"ಸುಮ್ನೆ ಯಾಕ ಬಿಡ್ತೀರಿ ಸಾರ್? ಸೈರನ್ ಪೈಪಿಗೆ ಬಿಡ್ರಿ. ಒಂದ್ಸಲ ಕೇಳ್ತೀನಿ."

ಬಿಟ್ಟೆ. ಪಾಳಿ ಶುರುವಾಗುವ ಆ ಹಳೇ ಕೂಗು ಓಣಿ ಓಣಿಗೂ ಕೇಳಿತು. ಸಾಬರು ಕಣ್ಣು ಮುಚ್ಚಿ ನಿಂತಿದ್ದರು.

ಸ್ವಲ್ಪ ಹೊತ್ತಿಗೆ ಗೇಟಿನ ಹೊರಗೆ ಜನ ಸೇರಿದ್ದರು. ಒಬ್ಬಾತ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿ ಬಂದಿದ್ದ. ಹೆಂಗಸೊಬ್ಬಳು ಗಂಡನ ಹಿಂದೆಯೇ ಬುತ್ತಿ ಡಬ್ಬಿ ಹಿಡಿದು ಬಂದಿದ್ದಳು.

"ಮಿಲ್ ಶುರು ಆತೇನ್ರಿ?"

ಸಾಬರು ನನ್ನ ಮುಖ ನೋಡಿದರು.

"ಇಲ್ರಿ. ಟ್ಯಾಂಕು ಸೋರ್ತೈತೇನೋ ಅಂತ ನೋಡಿದ್ವಿ," ಎಂದೆ.

ಯಾರೂ ಬೈಯಲಿಲ್ಲ. ಬಂದವರೇ ಹೆಗಲು ಕೊಟ್ಟು ಟ್ಯಾಂಕನ್ನು ಲಾರಿಗೆ ಹತ್ತಿಸಿದರು.

ಗುತ್ತೂರಿನ ಮಾಲೀಕರು ಅದಕ್ಕೊಂದು ಸೈರನ್ನೂ ಹಾಕಿಸೋಣ ಎಂದರು. ಬ್ಯಾಡ್ರಿ, ಪಾಳಿಗೆ ಗಂಟೆ ಹೊಡೆದ್ರ ಸಾಕು ಎಂದೆ.