ಟ್ರಫ್ ಲೆಕ್ಕ, ಗಂಟೆ ಲೆಕ್ಕ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಅವ್ವೆ ಹೇಳುತ್ತಿರುತ್ತಾಳೆ. ಇರಲಿ, ಅದು ಬಂದದ್ದು ಯಾರಿಂದ ಎಂದು ನನಗೆ ಗೊತ್ತಿಲ್ಲವೇ? ಅವಳ ಸಿಟ್ಟು ಒಳಗೆ ಕೂತಿರುತ್ತದೆ, ನನ್ನದು ಹೊರಗೆ ಕುಣಿಯುತ್ತದೆ. ಅಷ್ಟೇ ವ್ಯತ್ಯಾಸ.

ನೀಲಗಿರಿಯ ಕೆತ್ತಿ ಕಣಿವೆಯ ಒಂದು ಟೀ ಫ್ಯಾಕ್ಟರಿಯಲ್ಲಿ ನಾನು ಮೂರು ವರ್ಷದಿಂದ ಹಾಜರಿ ಬರೆಯುತ್ತಿದ್ದೆ. ಬಿ.ಕಾಂ. ಓದಿದ ಹಟ್ಟಿಯ ಹುಡುಗಿ ಎಂದು ಆಫೀಸಿನಲ್ಲಿ ಕುರ್ಚಿ ಕೊಟ್ಟಿದ್ದರು. ಅವ್ವೆ ಅದೇ ಫ್ಯಾಕ್ಟರಿಯ ಮೇಲಂತಸ್ತಿನಲ್ಲಿ, ಎಲೆ ಬಾಡಿಸುವ ಕೆಲಸದಲ್ಲಿ. ಅಲ್ಲಿ ಸೊಂಟದೆತ್ತರದ ಉದ್ದುದ್ದ ಟ್ರಫ್‌ಗಳಿವೆ. ಅವುಗಳ ಬಲೆಯ ಮೇಲೆ ಹಸಿ ಎಲೆ ಹರವಿದರೆ ಕೆಳಗಿನಿಂದ ಫ್ಯಾನಿನ ಗಾಳಿ ಬರುತ್ತದೆ. ಮೂಟೆ ಬಿಚ್ಚಿ, ಅಂಟಿಕೊಂಡ ಎಲೆ ಬಿಡಿಸಿ, ಒಂದೇ ದಪ್ಪಕ್ಕೆ ಹರವಲು ಹದಿನಾರು ಹೆಂಗಸರು. ಅವರಿಗೆಲ್ಲ ಅವ್ವೆಯೇ ಹಿರಿಯಳು. ಬೆಳಿಗ್ಗೆ ಎಂಟರಿಂದ ಸಂಜೆ ಐದು, ನಡುವೆ ಒಂದು ಗಂಟೆ ಊಟಕ್ಕೆ, ಗಂಟೆಗೆ ಅರವತ್ತು ರೂಪಾಯಿ ಕೂಲಿ.

ಐದರ ಮೇಲೂ ಎಲೆ ಉಳಿದರೆ ಓಟಿ, ಅಂದರೆ ಓವರ್‌ಟೈಮ್. ಆದರೆ ಓಟಿಯನ್ನು ಯಾರೂ ಗಂಟೆಯಲ್ಲಿ ಹೇಳುತ್ತಿರಲಿಲ್ಲ. ‘ಇವತ್ತು ಎರಡು ಟ್ರಫ್’ ಎನ್ನುತ್ತ ಅವ್ವೆ ಮೆಟ್ಟಿಲಿಳಿಯುತ್ತಿದ್ದಳು, ನಾನು ಎರಡು ಗಂಟೆ ಎಂದು ಬರೆಯುತ್ತಿದ್ದೆ. ಈ ಪದ್ಧತಿ ಮ್ಯಾನೇಜರ್ ತಂದದ್ದಲ್ಲ. ನಮ್ಮ ಹೆಂಗಸರೇ ತಂದದ್ದು.

ಅದರ ಬೇರು ಹಟ್ಟಿಯ ಮುಯ್ಯಾಳಿನಲ್ಲಿದೆ. ಒಬ್ಬರ ತೋಟದ ಎಲೆ ಬಲಿಯುವ ಹಾಗಾದರೆ ನಾವೆಲ್ಲ ಹೋಗಿ ಕೊಯ್ದುಕೊಡುತ್ತೇವೆ. ಮುಂದಿನ ವಾರ ಅವರು ನಮ್ಮ ತೋಟಕ್ಕೆ ಬರುತ್ತಾರೆ. ಕೂಲಿಯ ಮಾತಿಲ್ಲ. ಹಾಗೆ ಹೋದ ಕಡೆ ಗಡಿಯಾರ ನೋಡುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ, ಹಿಡಿದ ಸಾಲು ಮುಗಿಸಿಯೇ ಏಳಬೇಕು. ಅವ್ವೆ ಆ ಮರ್ಯಾದೆಯನ್ನು ಹಾಗೆಯೇ ಫ್ಯಾಕ್ಟರಿಗೂ ತಂದಿದ್ದಳು. ಹಿಡಿದ ಟ್ರಫ್ ಮುಗಿಸುವುದು, ಎಷ್ಟು ಮುಗಿಸಿದೆವೋ ಅಷ್ಟು ಹೇಳುವುದು.

ಒಂದು ಮಳೆಗಾಲದ ಸಂಜೆ ಮೂಟೆ ಎಣಿಸಲು ನಾನು ಮೇಲೆ ಹೋದೆ. ನೀರು ಸೋರುವ ಎಲೆ ಉಂಡೆ ಕಟ್ಟಿತ್ತು. ಅದನ್ನು ಬಿಡಿಸುವ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನಾನು ವಾಚ್ ನೋಡಿದೆ. ಒಣ ಎಲೆಯಾದರೆ ಒಂದು ಗಂಟೆಗೆ ಮುಗಿಯುವ ಟ್ರಫ್ ಅಂದು ಒಂದೂವರೆ ಗಂಟೆ ತಿಂದಿತು. ನೀಲಗಿರಿಯಲ್ಲಿ ಒಣ ಎಲೆಯ ದಿನಗಳೆಷ್ಟು? ಮೂರು ವರ್ಷ ನನ್ನ ಅವ್ವೆಯ ಅರ್ಧರ್ಧ ಗಂಟೆಯನ್ನು ನನ್ನ ಕೈಯಾರೆ ಅಳಿಸಿದ್ದೆ. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಮರು ವಾರ ಸೋಮವಾರದಿಂದ ಶನಿವಾರದವರೆಗೂ ವಾಚ್ ನೋಡಿಯೇ ಬರೆದೆ. ನಾಲ್ಕು ಸಂಜೆ, ದಿನಕ್ಕೆರಡು ಟ್ರಫ್. ಹಳೆಯ ಲೆಕ್ಕಕ್ಕೆ ಎಂಟು ಗಂಟೆ, ನಾನೂರ ಎಂಬತ್ತು ರೂಪಾಯಿ. ಗಡಿಯಾರದ ಲೆಕ್ಕಕ್ಕೆ ಹನ್ನೆರಡು ಗಂಟೆ. ಅದೂ ಸಾಲದೆಂಬಂತೆ, ವಾರಕ್ಕೆ ನಲವತ್ತೆಂಟು ಗಂಟೆ ಮೀರಿದರೆ ಕೂಲಿ ಎರಡರಷ್ಟು ಎಂಬ ಕಾನೂನು ನಮ್ಮ ಆಫೀಸಿನ ಗೋಡೆಯ ಮೇಲೇ ಧೂಳು ಹಿಡಿದು ನೇತಾಡುತ್ತಿತ್ತು. ಅಲ್ಲಿಗೆ ಒಬ್ಬೊಬ್ಬರಿಗೆ ಸಾವಿರದ ನಾನೂರ ನಲವತ್ತು. ಕೈ ಕೆಸರಾದವರು ನಮ್ಮವರು, ಮೊಸರಿನ ಬಾಯಿ ಬೇರೆಯವರದು.

ಭಾನುವಾರ ಮನೆಯಲ್ಲಿ ಅವ್ವೆಗೆ ಈ ಲೆಕ್ಕದ ಚೀಟಿ ತೋರಿಸಿದೆ. ಹೊಗಳುತ್ತಾಳೆ ಎಂದುಕೊಂಡಿದ್ದೆ.

“ಎನ್ನ ಮಾನ ಕಳೀತೀಯಾ? ಗಡಿಯಾರ ನೋಡ್ಕೊಂಡು ಕೈ ಆಡಿಸೋಳು ಅಂತ ಹಟ್ಟಿಲಿ ಅನ್ನಿಸ್ಕೋಬೇಕಾ?” ಎಂದು ಚೀಟಿಯನ್ನು ನನ್ನ ಮಡಿಲಿಗೇ ಎಸೆದಳು.

ಸೋಮವಾರ ಬಟವಾಡೆ. ನಾನು ಹೊಸ ಲೆಕ್ಕವನ್ನೇ ಮ್ಯಾನೇಜರರ ಮೇಜಿನ ಮೇಲಿಟ್ಟೆ.

“ಯಾರು ಕೇಳಿದ್ದಮ್ಮಾ ಇದನ್ನ? ಟ್ರಫ್ ಕಣಕ್ಕು, ಆ ಹಳೇ ಲೆಕ್ಕ, ನಿಮ್ಮವರೇ ಹೇಳಿದ್ದು. ಬೇಕಾದ್ರೆ ನಿಮ್ಮ ಅವ್ವೆಯನ್ನೇ ಕರೆಯೋಣ” ಎಂದರು. ಅವ್ವೆ ಹಳೆಯದೇ ಸರಿ ಎಂದುಬಿಟ್ಟರೆ ಹದಿನಾರು ಜನರ ದುಡ್ಡೂ ಹೋಯಿತು, ನನ್ನ ಮಾತೂ ಹೋಯಿತು.

ಅವ್ವೆ ಕೈಗೆ ಎಲೆ ಮೆತ್ತಿಕೊಂಡೇ ಬಂದಳು. ಉಳಿದ ಹೆಂಗಸರು ಮೆಟ್ಟಿಲ ಮೇಲೆ ನಿಂತರು. ಮ್ಯಾನೇಜರ್ ಬೆಣ್ಣೆಯಂಥ ದನಿಯಲ್ಲಿ ಕೇಳಿದರು: “ಅಕ್ಕಾ, ನಾವೆಲ್ಲ ಒಂದೇ ಮನೆಯವರ ಹಾಗೆ. ನೀವು ಒಂದು ದಿನವಾದ್ರೂ ಗಂಟೆ ನೋಡಿ ಕೆಲಸ ಮಾಡಿದ್ದುಂಟಾ?”

“ಇಲ್ಲೆ ಸಾರ್. ಒಂದು ದಿನವೂ ಇಲ್ಲೆ.”

ಮ್ಯಾನೇಜರ್ ನನ್ನತ್ತ ನೋಡಿ ನಕ್ಕರು. ಅವ್ವೆ ಇನ್ನೂ ಮುಗಿಸಿರಲಿಲ್ಲ.

“ಒಂದೇ ಮನೆಯವರು ಅಂದ್ರಲ್ಲ, ಸಂತೋಷ. ಬರೋ ಭಾನುವಾರ ನಮ್ಮ ತೋಟದಲ್ಲಿ ಕೊಯ್ಲು. ಬೆಳಿಗ್ಗೆನೇ ಬಂದ್ಬಿಡಿ. ಊಟ ನಮ್ಮದು. ವಾಚ್ ಮಾತ್ರ ಮನೇಲೇ ಇಟ್ಟು ಬನ್ನಿ.”

ತಮಾಷೆ ಎಂದುಕೊಂಡು ಅವರು ಮತ್ತೆ ನಕ್ಕರು. ಅವ್ವೆ ನಗಲಿಲ್ಲ. “ಬರ್ತೀರಾ, ಇಲ್ಲವಾ?”

“ಅದು ಹೇಗಾಗುತ್ತಕ್ಕಾ? ವಾರಕ್ಕೆ ಒಂದೇ ದಿನ ನನಗೆ ರಜೆ.”

“ನಮ್ಮ ಸಂಜೇನೂ ಹಾಗೇ ಸಾರ್, ದಿನಕ್ಕೆ ಒಂದೇ. ಇಷ್ಟು ವರ್ಷ ಮುಯ್ಯಾಳು ಅಂತ ಬಂದೆ. ನೀವು ಬರೋದಿಲ್ಲ ಅಂದ್ಮೇಲೆ ಇದು ಕೂಲಿ. ಕೂಲಿಗೆ ಗಂಟೆ ಉಂಟು. ಮಗಳು ಬರೆದದ್ದು ಕೊಡಿ.”

ಅಂದು ಹಳೆಯ ಲೆಕ್ಕಕ್ಕೆ ಒಬ್ಬಳೂ ಸಹಿ ಹಾಕಲಿಲ್ಲ, ಮೇಲಕ್ಕೂ ಹತ್ತಲಿಲ್ಲ. ಅಂಗಳದಲ್ಲಿ ಎಲೆ ಲಾರಿ ನಿಂತಿತ್ತು. ಮೂಟೆಯಲ್ಲೇ ಉಳಿದ ಎಲೆ ಬಿಸಿಯಾಗಿ, ಕೆಂಪಾಗಿ ಕೆಟ್ಟುಹೋಗುತ್ತದೆ. ಅದು ಮ್ಯಾನೇಜರಿಗೆ ನಮಗಿಂತ ಚೆನ್ನಾಗಿ ಗೊತ್ತು. ಒಂದು ಗಂಟೆಯೊಳಗೆ ಸಾವಿರದ ನಾನೂರ ನಲವತ್ತು ಪ್ರತಿಯೊಬ್ಬರ ಕೈಗೂ ಬಂತು. ಹಿಂದಿನ ಮೂರು ವರ್ಷದ್ದು ಬಾಕಿಯಿದೆ. ಅದಕ್ಕೆ ಅರ್ಜಿ ಹಾಕಿದ್ದೇವೆ, ಬಿಡುವ ಪೈಕಿ ನಾವಲ್ಲ.

ನನ್ನ ಕುರ್ಚಿ ಮಾತ್ರ ಮರುದಿನವೇ ಹೋಯಿತು. ಆಫೀಸಿಗೆ ಬೇರೆಯವರು ಬಂದರು, ನನ್ನನ್ನು ಮೇಲಂತಸ್ತಿಗೆ ಹಾಕಿದರು. ಎಲೆ ಹರವಲು ಹಚ್ಚಿದರೆ ನಾಚಿಕೊಂಡು ಬಿಟ್ಟುಹೋಗುತ್ತಾಳೆ ಎಂದುಕೊಂಡರೇನೋ. ನನ್ನ ಅವ್ವೆ ಮಾಡುವ ಕೆಲಸಕ್ಕೆ ನಾನೇಕೆ ನಾಚಲಿ? ಈಗ ಅವಳ ಎದುರು ಸಾಲಿನಲ್ಲೇ ನಿಲ್ಲುತ್ತೇನೆ, ವಾಚ್ ಕಟ್ಟಿಕೊಂಡು.

ಸಂಜೆ ಐದಾದ ಮೇಲೆ ಹೊಸ ಮೂಟೆ ಬಂದಾಗ ಅವ್ವೆ, ಜನ್ಮದಲ್ಲಿ ಹೊತ್ತು ಕೇಳದವಳು, ಸೂಪರ್‌ವೈಸರ್‌ಗೆ ಕೇಳಿಸುವ ಹಾಗೆ ಕೂಗುತ್ತಾಳೆ: “ಗಂಟೆ ಎಷ್ಟೇ ಮಗಳೇ?”

“ಐದೂ ಹತ್ತು, ಅವ್ವೆ!”

ಸೂಪರ್‌ವೈಸರ್ ಅದನ್ನು ಬರೆದುಕೊಳ್ಳುವವರೆಗೂ ಅವಳು ಮೂಟೆ ಬಿಚ್ಚುವುದಿಲ್ಲ.